ಕವಚವಿಲ್ಲದ ‘ಕೇಟ್’: ಪ್ರಾಣದ ಲೆಕ್ಕವೋ, ತೂಕದ ಲೆಕ್ಕವೋ?

ಎರಡನೇ ಮಹಾಯುದ್ಧದ ಜಪಾನಿ ವಿಮಾನಗಳ ಮಾತು ಬಂದರೆ ಒಂದು ತೀರ್ಪು ಸಿದ್ಧವಾಗಿಯೇ ಇರುತ್ತದೆ. ಅವಕ್ಕೆ ಕವಚವಿರಲಿಲ್ಲ, ಏಕೆಂದರೆ ಜಪಾನಿಗೆ ತನ್ನ ಯೋಧರ ಪ್ರಾಣ ಲೆಕ್ಕಕ್ಕೇ ಇರಲಿಲ್ಲ. ಆತ್ಮಾಹುತಿ ದಾಳಿಗೆ ಇಳಿದವರ ವಿಮಾನ ಇನ್ನು ಹೇಗಿದ್ದೀತು ಎನ್ನುತ್ತಾರೆ. ಈ ಮಾತನ್ನು ಒರೆಗೆ ಹಚ್ಚಲು ನಕಾಜಿಮಾ ಕಂಪನಿಯ ಬಿ5ಎನ್ ತಕ್ಕ ವಿಮಾನ. ಮಿತ್ರರಾಷ್ಟ್ರಗಳು ‘ಕೇಟ್’ ಎಂದು ಗುರುತುಹೆಸರಿಟ್ಟ, ವಿಮಾನವಾಹಕ ನೌಕೆಯಿಂದ ಹಾರಿ ಟಾರ್ಪಿಡೊ ಬೀಳಿಸುತ್ತಿದ್ದ ವಿಮಾನ ಇದೇ. ತೀರ್ಪಿನ ಮೊದಲರ್ಧ ನಿಜ: ಚಾಲಕನ ಬೆನ್ನಿಗೆ ಉಕ್ಕಿನ ತಗಡಿರಲಿಲ್ಲ, ಇಂಧನ ಟ್ಯಾಂಕಿಗೆ ರಕ್ಷಣೆ ಇರಲಿಲ್ಲ, ಆತ್ಮರಕ್ಷಣೆಗೆ ಸಾಮಾನ್ಯವಾಗಿ ಇದ್ದದ್ದು ಹಿಂಬದಿಯಲ್ಲಿ 7.7 ಮಿ.ಮೀ.ನ ಒಂದೇ ಮಷೀನ್‌ಗನ್. ಎರಡನೆಯರ್ಧ ಮಾತ್ರ ಇಸವಿಗಳನ್ನು ನೋಡಿದೊಡನೆ ಕುಸಿಯುತ್ತದೆ. ಈ ವಿಮಾನ ಹೇಗಿರಬೇಕೆಂದು ಜಪಾನಿ ನೌಕಾಪಡೆ ನಿಗದಿಪಡಿಸಿದ್ದು 1935ರಲ್ಲಿ. ಅದು ಮೊದಲು ಹಾರಿದ್ದು 1937ರ ಜನವರಿಯಲ್ಲಿ. ಕಾಮಿಕಾಝೆ ಎಂಬ ಸಂಘಟಿತ ಆತ್ಮಾಹುತಿ ದಾಳಿ ಶುರುವಾದದ್ದು 1944ರ ಅಕ್ಟೋಬರ್‌ನಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಸೋಲಿನ ಅಂಚಿನಲ್ಲಿ ಹುಟ್ಟಿದ ಹತಾಶೆಯನ್ನು ಒಂಬತ್ತು ವರ್ಷ ಹಿಂದಿನ ನಕ್ಷೆಯೊಳಗೆ ಓದುವುದು ಸಲ್ಲದು.

ಹಾಗಾದರೆ ಕವಚ ಏಕಿರಲಿಲ್ಲ? ಉತ್ತರ ತೂಕದಲ್ಲಿದೆ. ಸುಮಾರು 800 ಕಿಲೊ ಟಾರ್ಪಿಡೊ, ಮೂವರು ಸಿಬ್ಬಂದಿ, ದೂರದ ಹಾರಾಟಕ್ಕೆ ಬೇಕಾದಷ್ಟು ಇಂಧನ, ಇಷ್ಟನ್ನೂ ಹೊತ್ತು ಗಿಡ್ಡ ಡೆಕ್ಕಿನಿಂದ ಮೇಲೇಳಬೇಕು. ನೌಕೆಯ ಲಿಫ್ಟಿನಲ್ಲಿ ಇಳಿಯಬೇಕಾದ್ದರಿಂದ 15 ಮೀಟರಿಗೂ ಹೆಚ್ಚು ಉದ್ದದ ರೆಕ್ಕೆ ಅರ್ಧಕ್ಕೆ ಮಡಚಿಕೊಳ್ಳಬೇಕು. ಮಡಚಿದಾಗ ಎರಡರ ತುದಿಗಳೂ ಚಾಲಕನ ಕೋಣೆಯ ಮೇಲೆ ಒಂದರ ಮೇಲೊಂದು ಬರುವಂತೆ ಕೀಲು ಹಾಕಿದ್ದರು. ಇದಕ್ಕೆಲ್ಲ ಸಿಕ್ಕಿದ್ದು, ಸುಧಾರಿತ ಮಾದರಿಯಲ್ಲೂ, 1,000 ಅಶ್ವಶಕ್ತಿಯ ಆಸುಪಾಸಿನ ಒಂದೇ ಎಂಜಿನ್. ತುಂಬಿದ ವಿಮಾನದ ತೂಕ ಸುಮಾರು 3,800 ಕಿಲೊ; ಅದರ ಐದನೇ ಒಂದು ಪಾಲು ಟಾರ್ಪಿಡೊ ಒಂದೇ. ಹೀಗಿರುವಾಗ ಸೇರಿಸುವ ಪ್ರತಿ ಕಿಲೊ ಉಕ್ಕಿಗೂ ಇಂಧನದಲ್ಲೋ ವೇಗದಲ್ಲೋ ಕಡಿತವಾಗಲೇಬೇಕು. ಮೊದಲ ಮಾದರಿಯಲ್ಲಿ ರೆಕ್ಕೆ ಮಡಚಲು ಇದ್ದ ಹೈಡ್ರಾಲಿಕ್ ವ್ಯವಸ್ಥೆಯನ್ನೂ ತೆಗೆದು, ಕೈಯಲ್ಲೇ ಮಡಚುವಂತೆ ಮಾಡಿದರು. ಸಿಬ್ಬಂದಿಯ ಕ್ಷೇಮ ಯಾರಿಗೂ ಬೇಡವಾಗಿತ್ತು ಎನ್ನುವವರು ಎಂಜಿನ್ನಿನ ಬದಲಾವಣೆಯನ್ನೂ ನೋಡಬೇಕು. ಹಿಕಾರಿ ಎಂಜಿನ್ ಬಿಟ್ಟು ಸಕಾಯೆ ಎಂಜಿನ್ ಹಾಕಿದ್ದರಿಂದ ವೇಗ ಹೆಚ್ಚಿದ್ದು ಅಷ್ಟಕ್ಕಷ್ಟೆ. ಸಿಕ್ಕ ದೊಡ್ಡ ಲಾಭ ಎಂಜಿನ್ನಿನ ವಿಶ್ವಾಸಾರ್ಹತೆ. ನಡುಗಡಲಿನಲ್ಲಿ ಒಂಟಿ ಎಂಜಿನ್ ನಿಂತರೆ ಮೂವರೂ ಮುಳುಗುತ್ತಾರೆ.

ಸಮಕಾಲೀನ ವಿಮಾನಗಳ ಜೊತೆ ಇಟ್ಟು ನೋಡದೆ ಯಾವ ವಿನ್ಯಾಸವನ್ನೂ ತೂಗಲಾಗದು. ಅಮೆರಿಕದ ಟಾರ್ಪಿಡೊ ವಿಮಾನ ಡಿವಾಸ್ಟೇಟರ್ 1935ರಲ್ಲಿ ಹಾರಿತು. ಗುಂಡು ತಾಗಿದರೆ ರಬ್ಬರ್ ಪದರ ಉಬ್ಬಿ ತೂತನ್ನು ತಾನೇ ಮುಚ್ಚುವಂಥ ಟ್ಯಾಂಕು ಅದರಲ್ಲೂ ಇರಲಿಲ್ಲ, ವೇಗವೂ ಕೇಟ್‌ಗಿಂತ ಕಡಿಮೆ. 1942ರ ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ 41 ಡಿವಾಸ್ಟೇಟರ್‌ಗಳು ಹೊರಟವು, ಮರಳಿದ್ದು ಬೆರಳೆಣಿಕೆಯಷ್ಟು. ಅದಕ್ಕಾಗಿ ಅಮೆರಿಕಕ್ಕೆ ಪ್ರಾಣದ ಬೆಲೆ ಗೊತ್ತಿರಲಿಲ್ಲ ಎಂದು ಯಾರೂ ಬರೆಯಲಿಲ್ಲ. ಬ್ರಿಟನ್ನಿನ ಸ್ವೋರ್ಡ್‌ಫಿಶ್ ಅಂತೂ ಬಟ್ಟೆ ಹೊದಿಸಿದ ಜೋಡಿರೆಕ್ಕೆಯ ವಿಮಾನ. ಆ ದಶಕದ ನಡುವೆ ಟಾರ್ಪಿಡೊ ವಿಮಾನಕ್ಕೆ ಕವಚ ತೊಡಿಸುವ ಯೋಚನೆಯೇ ಎಲ್ಲೂ ಬೇರೂರಿರಲಿಲ್ಲ.

ಕೇಟ್ ಬಗ್ಗೆ ಇಂಥವೇ ಇನ್ನೆರಡು ನಂಬಿಕೆಗಳಿವೆ. ಇದು ಅಮೆರಿಕದ ವಿಮಾನದ ನಕಲು ಎಂಬುದು ಒಂದು. ಜಪಾನ್ ಹೊರಗಿನ ಎಂಜಿನ್ ಮತ್ತು ಪ್ರೊಪೆಲರ್‌ಗಳನ್ನು ಪರವಾನಗಿ ಪಡೆದು ತಯಾರಿಸಿ ಕಲಿತದ್ದು ನಿಜ, ಆ ಕಾಲದಲ್ಲಿ ಹಲವರು ಹಾಗೆಯೇ ಕಲಿತರು. ಆದರೆ ಮೇಲೆ ಹೇಳಿದ ಬೇಡಿಕೆಗಳನ್ನು ನಿಗದಿಪಡಿಸಿದ್ದು ಜಪಾನಿ ನೌಕಾಪಡೆಯೇ; ಹೊರಗಿನಿಂದ ಕಲಿಯುವುದು ಬೇರೆ, ನಕಲು ಬೇರೆ. ಇನ್ನೊಂದು, ಕೇಟ್ ಬರೀ ಟಾರ್ಪಿಡೊ ವಿಮಾನ ಎಂಬುದು. ಅದರ ಒಡಲೊಳಗೆ ಬಾಂಬ್ ಕೋಣೆಯಿರಲಿಲ್ಲ, ಹೊರೆಯೆಲ್ಲ ಹೊಟ್ಟೆಯಡಿ ತೂಗುತ್ತಿತ್ತು; ಆದ್ದರಿಂದ ಟಾರ್ಪಿಡೊ ಬಿಚ್ಚಿ ಬಾಂಬ್ ಕಟ್ಟಬಹುದಿತ್ತು. ಪರ್ಲ್ ಹಾರ್ಬರ್‌ನ ಮೊದಲ ಅಲೆಯಲ್ಲಿ 40 ಕೇಟ್‌ಗಳು ಟಾರ್ಪಿಡೊ ಹೊತ್ತಿದ್ದರೆ, 49 ಕೇಟ್‌ಗಳು ಯುದ್ಧನೌಕೆಯ ಫಿರಂಗಿ ಗುಂಡನ್ನೇ ಮಾರ್ಪಡಿಸಿ ಮಾಡಿದ ಕವಚಭೇದಿ ಬಾಂಬ್ ಹೊತ್ತಿದ್ದವು. ಅರಿಜೋನಾ ನೌಕೆಯನ್ನು ಸಿಡಿಸಿ 1,177 ಮಂದಿಯನ್ನು ಕೊಂದದ್ದು ಅಂಥದೊಂದು ಬಾಂಬ್. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದ್ದೂ ರ್‍ಯೂಜೊ ನೌಕೆಯಿಂದ ಬಂದ ಇದೇ ವಿಮಾನಗಳು.

ಕವಚದ ವಿಷಯಕ್ಕೆ ಮರಳಿದರೆ, ಗಟ್ಟಿಯಾದ ಆಕ್ಷೇಪ ಬೇರೆ ಇದೆ. 1935ರಲ್ಲಿ ಎಂಜಿನ್ನಿಗೆ ಬಲವಿರಲಿಲ್ಲ, ಒಪ್ಪೋಣ. ಬಲ ಬಂದ ಮೇಲಾದರೂ ಕವಚ ಹಾಕಬಹುದಿತ್ತಲ್ಲ? ಈ ಪ್ರಶ್ನೆಗೆ ಕೇಟ್‌ನ ನಕ್ಷೆ ಉತ್ತರಿಸಲಾರದು, ಅದರ ಉತ್ತರಾಧಿಕಾರಿ ಉತ್ತರಿಸಬೇಕು. 1939ರಲ್ಲಿ ಬೇಡಿಕೆಯಿಟ್ಟ ಬಿ6ಎನ್ ತೆನ್‌ಜಾನ್‌ಗೆ 1,800 ಅಶ್ವಶಕ್ತಿಗೂ ಮೀರಿದ ಎಂಜಿನ್ ಸಿಕ್ಕಿತು. ಆ ಬಲವನ್ನೆಲ್ಲ ನೌಕಾಪಡೆ ವೇಗಕ್ಕೂ ದೂರಕ್ಕೂ ವೆಚ್ಚಮಾಡಿತು. ಇಂಧನ ಟ್ಯಾಂಕು ಮತ್ತೆ ರಕ್ಷಣೆಯಿಲ್ಲದೆಯೇ ಉಳಿಯಿತು. ಇಲ್ಲಿ ದೂಷಣೆ ನ್ಯಾಯವೇ. ಆದರೆ ದೂಷಿಸಬೇಕಾದ್ದು ಸಾವಿನ ಬಗೆಗಿನ ಅಸಡ್ಡೆಯನ್ನಲ್ಲ, ಒಂದು ಯುದ್ಧತಂತ್ರವನ್ನು: ಶತ್ರುವಿನ ವಿಮಾನ ತಲುಪದಷ್ಟು ದೂರದಿಂದ ಮೊದಲ ಹೊಡೆತ ಕೊಟ್ಟರೆ ತಿರುಗೇಟು ಬರುವುದಿಲ್ಲ, ತಿರುಗೇಟಿಲ್ಲದಿದ್ದರೆ ಕವಚ ಬೇಡ ಎಂಬ ಲೆಕ್ಕ. 1942ರ ಅಕ್ಟೋಬರ್‌ನ ಸಾಂತಾ ಕ್ರೂಜ್ ಕದನದಲ್ಲೇ ಈ ಲೆಕ್ಕ ತಪ್ಪುತ್ತಿತ್ತು. ಅಮೆರಿಕದ ಹಾರ್ನೆಟ್ ನೌಕೆಗೆ ಕೇಟ್‌ಗಳು ಟಾರ್ಪಿಡೊ ಹೊಡೆದವು, ಆದರೆ ಆ ಒಂದೇ ದಿನ ಜಪಾನ್ ಕಳೆದುಕೊಂಡ ನುರಿತ ವಿಮಾನಯೋಧರು ಮಿಡ್‌ವೇಯಲ್ಲಿ ಕಳೆದುಕೊಂಡವರಿಗಿಂತ ಹೆಚ್ಚು. 1944ರ ಜೂನ್ 19ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಆ ತಂತ್ರ ಕಾಗದದ ಮೇಲೆ ಬರೆದಂತೆಯೇ ನಡೆಯಿತು: ಜಪಾನಿ ನೌಕೆಗಳು ಅಮೆರಿಕದ ವಿಮಾನಗಳಿಗೆ ಎಟುಕದ ದೂರದಲ್ಲಿ ನಿಂತು ತೆನ್‌ಜಾನ್‌ಗಳನ್ನು ಕಳುಹಿಸಿದವು. ಆದರೆ ಅಮೆರಿಕದ ರೇಡಾರ್ ಅವನ್ನು ಬಹುದೂರದಿಂದಲೇ ಕಂಡಿತ್ತು, ಅದರ ಹೆಲ್‌ಕ್ಯಾಟ್ ಯುದ್ಧವಿಮಾನಗಳು ದಾರಿಯಲ್ಲೇ ಕಾದಿದ್ದವು.