ಕುಲ, ಬೆಡಗು ಮತ್ತು ದಾಖಲೆ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಜನಸಮುದಾಯಗಳು

ಕನ್ನಡದಲ್ಲಿ ‘ಜನಾಂಗ’ ಎಂಬ ಪದವು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಮಾನವಶಾಸ್ತ್ರದ ಪಠ್ಯಗಳಲ್ಲಿ ಅದು ದೇಹಲಕ್ಷಣಗಳ ಆಧಾರದ ವಿಭಾಗವನ್ನು ಸೂಚಿಸಿದರೆ, ಊರಿನ ಮಾತಿನಲ್ಲಿ ಅದು ಜಾತಿಗೆ ಗೌರವಪೂರ್ವಕವಾದ ಇನ್ನೊಂದು ಹೆಸರು. ಈ ಎರಡು ಅರ್ಥಗಳನ್ನು ಬೆರೆಸಿದ್ದರಿಂದ ಉಂಟಾದ ಗೊಂದಲ ಸಣ್ಣದಲ್ಲ. 1901ರ ಜನಗಣತಿಯ ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಮೂಗಿನ ಅಳತೆಯನ್ನು ಜಾತಿಶ್ರೇಣಿಯೊಂದಿಗೆ ಹೊಂದಿಸಲು ಯತ್ನಿಸಿದನು. ಆ ವಿಧಾನವನ್ನು ವಿದ್ವತ್ ಲೋಕವು ಬಹು ಹಿಂದೆಯೇ ಕೈಬಿಟ್ಟಿದೆ. ಆದರೂ ಒಂದು ಊರಿನ ಜನರು ಯಾರು, ಎಲ್ಲಿಂದ ಬಂದರು, ಪರಸ್ಪರ ಹೇಗೆ ಸಂಬಂಧಿಸಿದ್ದಾರೆ ಎಂಬ ಪ್ರಶ್ನೆ ಉಳಿದೇ ಇದೆ. ಚಿತ್ರದುರ್ಗ ಜಿಲ್ಲೆಯ ಸಣ್ಣ ಪಟ್ಟಣಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ದೊರೆಯುವುದು ಕುಲ, ಬೆಡಗು, ದೈವ ಮತ್ತು ಭಾಷೆಗಳಲ್ಲಿ.

ನೆಲ ಮತ್ತು ನೆಲೆ

ಈ ಮೂರು ತಾಲ್ಲೂಕುಗಳ ಭೂಗುಣವು ಒಂದೇ ಬಗೆಯದಲ್ಲ. ಹಿರಿಯೂರಿನ ಬಹುಭಾಗ ಮಳೆ ಕಡಿಮೆಯಿರುವ ಬಯಲು. ಚಳ್ಳಕೆರೆಯ ಕಡೆಗೆ ಸಾಗಿದಂತೆ ಕುರುಚಲು ಕಾಡು, ಹುಲ್ಲುಗಾವಲು. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಕೆ, ತೆಂಗಿನ ತೋಟಗಳಿಗೆ ಆಸ್ಪದವಿದೆ. ಹುಲ್ಲುಗಾವಲು ಪಶುಪಾಲಕರನ್ನು ಉಳಿಸಿಕೊಂಡಿತು. ಕೆರೆಯ ಕೆಳಗಿನ ಭೂಮಿ ಒಕ್ಕಲುತನದ ಕುಲಗಳನ್ನು ನೆಲೆಗೊಳಿಸಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ಹಿರಿಯೂರಿನ ಸುತ್ತ ನೀರಾವರಿ ಭೂಮಿಯನ್ನು ಸೃಷ್ಟಿಸಿ, ಪಟ್ಟಣದ ಸ್ವರೂಪವನ್ನೇ ಬದಲಿಸಿತು.

ರಾಜಕೀಯ ಇತಿಹಾಸವೂ ಜನರ ಹಂಚಿಕೆಯ ಮೇಲೆ ಪ್ರಭಾವ ಬೀರಿದೆ. ಚಿತ್ರದುರ್ಗದ ಪಾಳೆಯಗಾರರು ಬೇಡ ಮೂಲದವರು. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಮೇಲೆ ಬೇಡ ಸಮುದಾಯದ ಸಾವಿರಾರು ಮಂದಿಯನ್ನು ಶ್ರೀರಂಗಪಟ್ಟಣದತ್ತ ಸಾಗಿಸಲಾಯಿತೆಂಬುದನ್ನು ಬ್ರಿಟಿಷ್ ಕಾಲದ ಚರಿತ್ರೆಕಾರರು ದಾಖಲಿಸಿದ್ದಾರೆ. ದುರ್ಗದ ಆಳ್ವಿಕೆ ಮುಗಿದರೂ ನಾಯಕ ಸಮುದಾಯದ ನೆನಪಿನಲ್ಲಿ ಮದಕರಿ ನಾಯಕನ ಕಥನವು ಇಂದಿಗೂ ಜೀವಂತವಾಗಿದೆ.

ಸಮುದಾಯಗಳ ಚಿತ್ರ

ಬೇಡರಲ್ಲಿ ಊರುಬೇಡರು ಮತ್ತು ಮ್ಯಾಸಬೇಡರೆಂಬ ಎರಡು ಕವಲುಗಳಿವೆ. ಹೊರಗಿನವರಿಗೆ ಒಂದೇ ಎನಿಸುವ ಇವುಗಳ ನಡುವೆ ಸಾಂಪ್ರದಾಯಿಕವಾಗಿ ಕೊಟ್ಟು ತರುವ ಸಂಬಂಧವಿರಲಿಲ್ಲ. ಮ್ಯಾಸಬೇಡರು ಪಶುಪಾಲಕ ಹಿನ್ನೆಲೆಯವರು. ದೇವರ ಎತ್ತುಗಳ ಹಿಂಡನ್ನು ಸಾಕುವುದು, ಅವುಗಳನ್ನು ಕಾಯಲು ಕಿಲಾರಿಗಳನ್ನು ನೇಮಿಸುವುದು, ಕೋಳಿಯ ಮಾಂಸವನ್ನು ವರ್ಜಿಸುವುದು ಇವರ ವಿಶಿಷ್ಟ ಆಚರಣೆಗಳು. ಇವರಲ್ಲಿ ಅನೇಕರ ಮನೆಮಾತು ತೆಲುಗು. ಕನ್ನಡದಲ್ಲಿಯೂ ಇವರು ಸಮಾನವಾಗಿ ವ್ಯವಹರಿಸುತ್ತಾರೆ.

ಕಾಡುಗೊಲ್ಲರು ಊರಿನಿಂದ ದೂರದಲ್ಲಿ, ಮುಳ್ಳುಬೇಲಿಯ ಒಳಗೆ, ಹಟ್ಟಿ ಕಟ್ಟಿಕೊಂಡು ಬಾಳಿದ ಕುರಿ-ದನಗಾಹಿಗಳು. ಇವರ ಮನೆಮಾತು ಕನ್ನಡ. ತೆಲುಗಾಡುವ ಊರುಗೊಲ್ಲರಿಗೂ ಇವರಿಗೂ ಹೆಸರಿನ ಸಾಮ್ಯವನ್ನು ಬಿಟ್ಟರೆ ಆಚರಣೆಯಲ್ಲಿ ಬಹಳ ವ್ಯತ್ಯಾಸವಿದೆ. ಜುಂಜಪ್ಪ, ಎತ್ತಪ್ಪರಂತಹ ಸಾಂಸ್ಕೃತಿಕ ವೀರರ ಕಥನಗಳು, ಗಣೆ ಎಂಬ ನೀಳವಾದ ಬಿದಿರಿನ ಕೊಳಲು, ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಮುಳ್ಳಿನ ಗುಡಿಯನ್ನು ಬರಿಗಾಲಿನಲ್ಲಿ ಏರಿ ಕಳಸವನ್ನಿಳಿಸುವ ಕ್ಯಾತೇದೇವರ ಪರಿಷೆ ಇವು ಈ ಸಮುದಾಯದ ಗುರುತುಗಳು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಕಂಠದಲ್ಲಿದ್ದ ಹಾಡುಗಳ ಭಂಡಾರವು ಈ ಪರಂಪರೆಯ ಸಮೃದ್ಧಿಗೆ ಸಾಕ್ಷಿ.

ಒಕ್ಕಲುತನದ ಸಮುದಾಯಗಳಲ್ಲಿ ಕುಂಚಿಟಿಗರು, ಸಾದರ ಲಿಂಗಾಯತರು, ಕುರುಬರು, ಉಪ್ಪಾರರು ಪ್ರಮುಖರು. ಕುಂಚಿಟಿಗರು ತಮ್ಮಲ್ಲಿ ನಲವತ್ತೆಂಟು ಬೆಡಗುಗಳಿವೆ ಎಂದು ಹೇಳಿಕೊಳ್ಳುತ್ತಾರೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರಾದ್ದರಿಂದ ಅವರಲ್ಲಿ ವಿವಾಹ ನಿಷಿದ್ಧ. ಮಾದಿಗ, ಹೊಲೆಯ ಸಮುದಾಯಗಳು ಊರಿನ ಕೃಷಿ ದುಡಿಮೆ, ಚರ್ಮದ ಕೆಲಸ, ತಮಟೆ-ಉರುಮೆಗಳ ವಾದನ, ತೋಟಿ-ತಳವಾರಿಕೆಗಳನ್ನು ಹೊತ್ತವು. ತಾಂಡಾಗಳಲ್ಲಿ ನೆಲೆಸಿದ ಲಂಬಾಣಿಗರು ಧಾನ್ಯ, ಉಪ್ಪುಗಳನ್ನು ಎತ್ತುಗಳ ಮೇಲೆ ಹೇರಿ ಸಾಗಿಸುತ್ತಿದ್ದವರು. ರೈಲು ಮತ್ತು ರಸ್ತೆಗಳು ಬಂದ ಮೇಲೆ ಆ ವೃತ್ತಿ ಅಳಿದು, ಕೃಷಿ ಕೂಲಿಯತ್ತ ತಿರುಗಿದರು. ಭೋವಿ, ಕೊರಚ, ಕೊರಮ ಸಮುದಾಯಗಳೂ, ದಖನಿ ಉರ್ದು ಆಡುವ ಮುಸಲ್ಮಾನರೂ ಸೇರಿದಾಗ ಸಣ್ಣ ಪಟ್ಟಣವೊಂದರ ಸಂತೆಯಲ್ಲಿಯೇ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಒಟ್ಟಿಗೆ ಕೇಳಿಬರುತ್ತವೆ.

2011ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಇದರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 23, ಪರಿಶಿಷ್ಟ ಪಂಗಡದವರು ಸುಮಾರು ಶೇ. 18. ಅಂದರೆ ಹತ್ತರಲ್ಲಿ ನಾಲ್ವರು ಈ ಎರಡು ವರ್ಗಗಳಿಗೆ ಸೇರಿದವರು. ಆದರೆ ಈ ಅಂಕಿಗಳ ಒಳಗೆ ಯಾವ ಸಮುದಾಯ ಎಷ್ಟಿದೆ ಎಂಬುದನ್ನು ವರ್ಗದ ಹೆಸರು ತಿಳಿಸುವುದಿಲ್ಲ.

ಕಾಗದದ ಮೇಲಿನ ಹೆಸರು

ಸಮುದಾಯವು ತನ್ನನ್ನು ಕರೆದುಕೊಳ್ಳುವ ಹೆಸರಿಗೂ ಸರ್ಕಾರದ ಪಟ್ಟಿಯ ಹೆಸರಿಗೂ ಇರುವ ಅಂತರವು ಇಲ್ಲಿ ಕೇವಲ ಪಾರಿಭಾಷಿಕ ಸಂಗತಿಯಲ್ಲ. ವಿದ್ಯಾರ್ಥಿವೇತನ, ಉದ್ಯೋಗ, ರಾಜಕೀಯ ಪ್ರಾತಿನಿಧ್ಯಗಳು ಅದನ್ನು ಅವಲಂಬಿಸಿವೆ. ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ‘ನಾಯ್ಕಡ’ ಎಂಬ ನಮೂದಿನ ಪರ್ಯಾಯಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಬದುಕಿನ ಕ್ರಮದಲ್ಲಿ ಮ್ಯಾಸಬೇಡರಿಗೆ ಬಹಳ ಹತ್ತಿರವಿರುವ ಕಾಡುಗೊಲ್ಲರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಉಳಿದು, ಪಂಗಡದ ಮಾನ್ಯತೆಗಾಗಿ ದೀರ್ಘಕಾಲದಿಂದ ಬೇಡಿಕೆ ಸಲ್ಲಿಸುತ್ತ ಬಂದಿದ್ದಾರೆ. ಲಂಬಾಣಿಗರ ಸ್ಥಿತಿ ಇನ್ನೂ ವಿಚಿತ್ರವಾದುದು. ಒಂದೇ ಭಾಷೆ, ಒಂದೇ ಉಡುಗೆ, ಒಂದೇ ಸೇವಾಲಾಲ್ ಆರಾಧನೆಯ ಈ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

ಮೈಸೂರು ಸಂಸ್ಥಾನದ ಕಾಲದಲ್ಲಿ ರೂಢಿಗೆ ಬಂದ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರುಗಳು ಹೀನಾರ್ಥದ ಸಂಬೋಧನೆಯಿಂದ ಬಿಡುಗಡೆ ನೀಡಿದವು. ಆದರೆ ಅವು ಮಾದಿಗ, ಹೊಲೆಯ ಎಂಬ ಮೂಲ ಗುರುತನ್ನು ಮರೆಮಾಡಿದವು. ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಆಯೋಗವು ಸಮೀಕ್ಷೆ ನಡೆಸಿದಾಗ, ಈ ಹೆಸರುಗಳ ಹಿಂದಿನ ಮೂಲ ಜಾತಿಯನ್ನು ಗುರುತಿಸುವುದು ಮುಖ್ಯ ತೊಡಕುಗಳಲ್ಲಿ ಒಂದಾಯಿತು.

ಬೇಲಿ ಮತ್ತು ಬಾಗಿಲು

ಸಮುದಾಯಗಳ ವೈವಿಧ್ಯವನ್ನು ವರ್ಣಿಸುವಾಗ ಅವುಗಳ ನಡುವಿನ ಬೇಲಿಗಳನ್ನು ಮರೆಯುವಂತಿಲ್ಲ. ಹಟ್ಟಿಯ ಮುಳ್ಳುಬೇಲಿ ಕಾಡುಪ್ರಾಣಿಗಳಿಂದ ಕುರಿಗಳನ್ನು ರಕ್ಷಿಸಿತು. ಅದೇ ಬೇಲಿ ಮೈಲಿಗೆಯ ಗೆರೆಯೂ ಆಯಿತು. ಮುಟ್ಟು, ಹೆರಿಗೆಗಳ ಸಂದರ್ಭದಲ್ಲಿ ಹೆಂಗಸರನ್ನು ಹಟ್ಟಿಯಿಂದ ಹೊರಗಿರಿಸುವ ಪದ್ಧತಿಯು ತಾಯಿ-ಮಗುವಿನ ಪ್ರಾಣಕ್ಕೇ ಕುತ್ತು ತರುವಂತಹುದು. 2019ರಲ್ಲಿ ಚಿತ್ರದುರ್ಗ ಕ್ಷೇತ್ರದ ಲೋಕಸಭಾ ಸದಸ್ಯರನ್ನೇ, ಅವರು ದಲಿತರೆಂಬ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ ತಡೆದ ಪ್ರಸಂಗವು ದೇಶದ ಗಮನ ಸೆಳೆಯಿತು. ಸ್ವತಃ ಅಂಚಿಗೆ ತಳ್ಳಲ್ಪಟ್ಟ ಸಮುದಾಯವೂ ಇನ್ನೊಂದನ್ನು ಹೊರಗಿಡಬಲ್ಲದು. ಜಾನಪದ ಅಧ್ಯಯನವು ಆಚರಣೆಯನ್ನು ಸಹಾನುಭೂತಿಯಿಂದ ದಾಖಲಿಸಬೇಕು. ಆ ಆಚರಣೆಯ ಬೆಲೆಯನ್ನು ತೆರುವವರು ಯಾರೆಂಬುದನ್ನೂ ದಾಖಲಿಸಬೇಕು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಚಲನೆ ಈ ಜಿಲ್ಲೆಯಲ್ಲಿ ನಡೆದಿದೆ. ಸಿರಿಗೆರೆಯ ತರಳಬಾಳು ಮಠ ಹಾಗೂ ಅದರ ಸಾಣೇಹಳ್ಳಿ ಶಾಖೆಯ ಜೊತೆಗೆ, ಚಿತ್ರದುರ್ಗದಲ್ಲಿ ಮಾದಾರ ಚನ್ನಯ್ಯ ಗುರುಪೀಠ, ಭೋವಿ ಗುರುಪೀಠ, ಯಾದವ ಗುರುಪೀಠಗಳು, ಹೊಸದುರ್ಗ ತಾಲ್ಲೂಕಿನಲ್ಲಿ ಕುಂಚಿಟಿಗರ ಮಠ, ಉಪ್ಪಾರರ ಭಗೀರಥ ಪೀಠ, ಕೆಲ್ಲೋಡಿನಲ್ಲಿ ಕನಕ ಗುರುಪೀಠದ ಶಾಖೆ ಸ್ಥಾಪನೆಗೊಂಡಿವೆ. ಗುರುವಿಲ್ಲದ ಕುಲಗಳು ತಮ್ಮದೇ ಗುರುವನ್ನು ಪಡೆದು, ಶಾಲೆ, ಸಂಘಟನೆಗಳ ಮೂಲಕ ದನಿ ಪಡೆದವು. ಅದೇ ವೇಳೆಗೆ ಒಳಕವಲುಗಳ ವೈಶಿಷ್ಟ್ಯಗಳು ಒಂದು ದೊಡ್ಡ ಹೆಸರಿನಲ್ಲಿ ಕರಗತೊಡಗಿದವು ಎಂಬುದೂ ಗಮನಾರ್ಹ.

ಮುಕ್ತಾಯ

ಮುಂದಿನ ಜನಗಣತಿಯಲ್ಲಿ ಜಾತಿಯ ಎಣಿಕೆಯನ್ನೂ ಸೇರಿಸಲು ಕೇಂದ್ರ ಸರ್ಕಾರ 2025ರಲ್ಲಿ ನಿರ್ಧರಿಸಿತು. 1931ರ ಅನಂತರ ಎಲ್ಲ ಜಾತಿಗಳ ಪೂರ್ಣ ಎಣಿಕೆ ಜನಗಣತಿಯ ಭಾಗವಾಗಿ ಪ್ರಕಟವಾಗಿರಲಿಲ್ಲ. ಗಣತಿದಾರನ ಮುಂದೆ ಹಟ್ಟಿಯ ಹಿರಿಯನು ಗೊಲ್ಲ ಎನ್ನುವನೋ, ಕಾಡುಗೊಲ್ಲ ಎನ್ನುವನೋ, ಯಾದವ ಎನ್ನುವನೋ ಎಂಬುದರ ಮೇಲೆ ಆ ಸಮುದಾಯದ ಲೆಕ್ಕವೇ ನಿಂತಿರುತ್ತದೆ. ಶತಮಾನಗಳಿಂದ ಹೆಳವರು ಎತ್ತನ್ನೇರಿ ಮನೆಮನೆಗೆ ಬಂದು ವಂಶ, ಬೆಡಗು, ಮೂಲಸ್ಥಳಗಳನ್ನು ಕೊಂಡಾಡಿ ಹೇಳುತ್ತ ಬಂದರು. ಅವರ ಲೆಕ್ಕದಲ್ಲಿ ಪ್ರತಿ ಮನೆಗೂ ಒಂದು ಮೂಲವೂ ಒಂದು ಪಯಣವೂ ಇತ್ತು. ಹೆಳವರು ಬರುವುದು ವಿರಳವಾಗುತ್ತಿರುವ ಈ ಕಾಲದಲ್ಲಿ, ಊರು ಊರಿನ ಕುಲ-ಬೆಡಗುಗಳ ಹೆಸರನ್ನು ಜನರ ಬಾಯಿಂದಲೇ ಕೇಳಿ ದಾಖಲಿಸುವುದು ತುರ್ತಿನ ಕೆಲಸ. ಸರ್ಕಾರದ ಪಟ್ಟಿಯನ್ನು ತಿದ್ದಬೇಕಾಗಿ ಬಂದಾಗ ಆಧಾರವಾಗಿ ಒದಗಬಲ್ಲದ್ದು ಅಂತಹ ದಾಖಲೆಯೇ.