ನಿಯಮವನ್ನು ತಿದ್ದುವ ನಿಯಮ

ಹಲವರು ಕೂಡಿ ಸಂಘವೊಂದನ್ನು ಕಟ್ಟಿದಾಗ ಅದಕ್ಕೆ ನಿಯಮಾವಳಿಯು ಅವಶ್ಯಕ. ಕಾಲ ಕಳೆದಂತೆ ಆ ನಿಯಮಗಳನ್ನು ತಿದ್ದಬೇಕಾಗುವುದೂ ಸಹಜ. ಅಗುಳಿಯಿಲ್ಲದ ಬಾಗಿಲಿನಿಂದ ಯಾರು ಬೇಕಾದರೂ ನುಗ್ಗಬಹುದು. ಎಂದೂ ತೆರೆಯದ ಬಾಗಿಲಿನ ಮನೆಯಲ್ಲಿ ಬಾಳುವುದೇ ಅಸಾಧ್ಯ. ತಿದ್ದುಪಡಿಯ ಕ್ರಮವು ಇವೆರಡರ ನಡುವಣ ದಾರಿಯಾಗಿರಬೇಕು.

ಕಾಣಕೋಣದವರಾದ ನಮಗೆ ಈ ವಿಷಯವು ದೂರದ್ದಲ್ಲ. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ಪ್ರದೇಶಗಳ ಪಟ್ಟಿಯಲ್ಲಿ ಗೋವೆಯ ಹೆಸರಿರಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆ ಹೊಂದಿದ ತರುವಾಯ, 1962ರ ಹನ್ನೆರಡನೆಯ ತಿದ್ದುಪಡಿಯು ಅದನ್ನು ಆ ಪಟ್ಟಿಗೆ ಸೇರಿಸಿತು.

ಸಂವಿಧಾನದ 368ನೆಯ ವಿಧಿಯು ಈ ಕ್ರಮವನ್ನು ಗೊತ್ತುಪಡಿಸಿದೆ. ಸಂಸತ್ತಿನ ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು. ಹಾಜರಿದ್ದು ಮತ ನೀಡಿದವರಲ್ಲಿ ಮೂರರಲ್ಲಿ ಎರಡು ಪಾಲಾದರೂ ಒಪ್ಪಬೇಕು. ರಾಜ್ಯಗಳ ಅಧಿಕಾರಕ್ಕೆ ತಗಲುವಂಥ ಕೆಲವು ವಿಷಯಗಳಿಗೆ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳ ಸಮ್ಮತಿಯೂ ಬೇಕು.

ಬಹುಮತವಿದ್ದರೆ ಏನನ್ನಾದರೂ ಅಳಿಸಬಹುದೇ? ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1973ರ ಏಪ್ರಿಲ್ 24ರಂದು ಇದಕ್ಕೆ ಉತ್ತರವಿತ್ತಿತು. 13 ನ್ಯಾಯಾಧೀಶರಲ್ಲಿ 7 ಮಂದಿಯ ಬಹುಮತದ ತೀರ್ಪಿನಂತೆ, ಸಂಸತ್ತು ಸಂವಿಧಾನವನ್ನು ತಿದ್ದಬಹುದು. ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು.

ದೇಶಕ್ಕೆ ಸಲ್ಲುವ ಈ ವಿವೇಕವು ಶಾಲೆಯನ್ನು ನಡೆಸುವ ಸಂಘಕ್ಕೂ ಸಲ್ಲುತ್ತದೆ. 1860ರ ಸಂಘಗಳ ನೋಂದಣಿ ಕಾಯಿದೆಯ 12ನೆಯ ಕಲಮಿನಂತೆ, ಸಂಘದ ಉದ್ದೇಶವನ್ನು ಬದಲಿಸುವ ಸೂಚನೆಯು ವಿಶೇಷ ಸಭೆಗೆ 10 ದಿನ ಮುಂಚಿತವಾಗಿ ಪ್ರತಿಯೊಬ್ಬ ಸದಸ್ಯನಿಗೂ ಬರಹದಲ್ಲಿ ಮುಟ್ಟಬೇಕು ಅಥವಾ ಅಂಚೆಯಲ್ಲಿ ರವಾನೆಯಾಗಬೇಕು. ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ, ಸ್ವತಃ ಬಂದೋ ಪ್ರತಿನಿಧಿಯ ಮೂಲಕವೋ, ಒಪ್ಪಬೇಕು. ಬಳಿಕ ಒಂದು ತಿಂಗಳ ಅಂತರದಲ್ಲಿ ಕೂಡುವ ಎರಡನೆಯ ಸಭೆಯಲ್ಲಿ, ಹಾಜರಿದ್ದವರ ಐದರಲ್ಲಿ ಮೂರು ಪಾಲು ಮತಗಳಿಂದ ಅದು ಸ್ಥಿರಪಡಬೇಕು.

ಇಷ್ಟು ವಿಳಂಬವೇಕೆ ಎಂದು ಕೆಲವರು ಕೇಳಬಹುದು. ಕೊಂಕಣಿ ನಾಡಿನಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ವಿದ್ಯೆ ಕಲಿಸುವುದೇ ಸಂಘವೊಂದರ ಉದ್ದೇಶವೆಂದು ಭಾವಿಸೋಣ. ತಾಯಿತಂದೆಗಳು ದುಡಿಮೆಗೆ ಹೋಗಿದ್ದ ಒಂದು ಸಂಜೆ, ನೆರೆದ ಕೆಲವರೇ ಕೈಯೆತ್ತಿ ಆ ಉದ್ದೇಶವನ್ನು ಅಳಿಸಿಬಿಡುವಂತಿದ್ದರೆ ಮಕ್ಕಳ ಗತಿಯೇನು? ಆ ಒಂದು ತಿಂಗಳು ಬಾರದವರಿಗೆ ಬರಲು, ಬಂದವರಿಗೆ ಮರಳಿ ಯೋಚಿಸಲು ದೊರೆತ ಅವಕಾಶವಾಗಿದೆ.

ವಿದ್ಯಾರ್ಥಿಮಿತ್ರರೇ, ನೀವು ತರಗತಿಯ ಸಂಘವನ್ನು ಕಟ್ಟುವಾಗಲೂ ಈ ನಾಲ್ಕನ್ನು ಮೊದಲೇ ಬರೆದಿಡಿರಿ: ಸೂಚನೆ ತರುವವರು ಯಾರು, ಎಷ್ಟು ದಿನ ಮುಂಚೆ ತಿಳಿಸಬೇಕು, ಎಷ್ಟು ಮತ ಬೇಕು, ಯಾವುದನ್ನು ಎಂದೂ ಅಳಿಸಬಾರದು. ಜಗಳ ಹುಟ್ಟಿದ ಮೇಲೆ ಬರೆಯುವ ನಿಯಮವನ್ನು ಎರಡೂ ಪಕ್ಷದವರು ನಂಬುವುದು ದುರ್ಲಭ.