ಹೊಸ ಕಾರಿನ ನ್ಯಾಯಬೆಲೆ: ಮಾತಿನ ಚೌಕಾಸಿಗಿಂತ ಕಾಗದದ ಲೆಕ್ಕ ಮೇಲು

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಊರುಗಳಲ್ಲಿ ಕಾರು ಇಂದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಬಸ್ಸಿನ ಸೌಕರ್ಯ ಕಡಿಮೆಯಿರುವ ಒಳನಾಡುಗಳಲ್ಲಿ ಮಕ್ಕಳ ಶಾಲೆಗೆ, ಹಿರಿಯರ ಆಸ್ಪತ್ರೆಗೆ, ಅಡಿಕೆ ಮಾರುಕಟ್ಟೆಗೆ ಅದು ಅಗತ್ಯವಾಗಿದೆ. ಮನೆ ಕಟ್ಟುವುದನ್ನು ಬಿಟ್ಟರೆ ಸಾಮಾನ್ಯ ಕುಟುಂಬವೊಂದು ಒಮ್ಮೆಗೇ ಮಾಡುವ ದೊಡ್ಡ ವೆಚ್ಚವೂ ಇದೇ. ಆದರೂ ನೂರು ರೂಪಾಯಿಯ ಮೀನಿಗೆ ಚೌಕಾಸಿ ಮಾಡುವ ನಾವು ಎಂಟು ಲಕ್ಷದ ಕಾರಿನ ಮುಂದೆ ಮೌನವಾಗುತ್ತೇವೆ. ಕಾಗದಗಳು ಇಂಗ್ಲಿಷಿನಲ್ಲಿ, ಮಾತುಕತೆ ಮಲಯಾಳದಲ್ಲಿ. ನಡುವೆ ಕೂತ ಕನ್ನಡಿಗ ತಲೆಯಾಡಿಸಿ ಸಹಿ ಹಾಕುತ್ತಾನೆ. ಈ ಸಂಕೋಚಕ್ಕೆ ತೆರುವ ಬೆಲೆ ಕೆಲವೊಮ್ಮೆ ಮಗುವಿನ ಒಂದು ವರ್ಷದ ಓದಿನ ಖರ್ಚಿಗೆ ಸಮನಾಗಬಹುದು.

ನ್ಯಾಯವಾದ ಬೆಲೆ ಪಡೆಯಲು ವಾಕ್ಚಾತುರ್ಯ ಬೇಕಾಗಿಲ್ಲ. ದರಪಟ್ಟಿಯ ಯಾವ ಸಾಲು ಬದಲಾಗದು, ಯಾವುದು ಬದಲಾಗಬಹುದು, ಯಾವುದು ಇರಲೇಬಾರದು ಎಂಬ ತಿಳಿವಳಿಕೆ ಸಾಕು.

ಮೊದಲು ಸಾಲುಸಾಲಾದ ದರಪಟ್ಟಿ

"ಎಲ್ಲ ಸೇರಿ ಇಷ್ಟಾಗುತ್ತದೆ" ಎಂಬ ಮಾತನ್ನು ಒಪ್ಪಬಾರದು. ಎಕ್ಸ್-ಶೋರೂಂ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ, ಫಾಸ್ಟ್ಯಾಗ್, ಬಿಡಿಸಾಮಗ್ರಿ, ರಿಯಾಯಿತಿ ಇವುಗಳನ್ನು ಪ್ರತ್ಯೇಕ ಸಾಲುಗಳಲ್ಲಿ ಬರೆದ, ಸಂಸ್ಥೆಯ ಮುದ್ರೆಯಿರುವ ದರಪಟ್ಟಿಯನ್ನು ಕೇಳಿ ಪಡೆಯಬೇಕು. ಅದನ್ನು ಕೊಡದಿರುವಲ್ಲಿ ಮುಂಗಡ ಕಟ್ಟದಿರುವುದೇ ಲೇಸು.

ಈ ಸಾಲುಗಳಲ್ಲಿ ತೆರಿಗೆಗಳು ಸರಕಾರದವು. ಅವುಗಳಲ್ಲಿ ಚೌಕಾಸಿಗೆ ಎಡೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿಯವರೆಗಿನ ಪೆಟ್ರೋಲ್ ಮತ್ತು 1500 ಸಿಸಿಯವರೆಗಿನ ಡೀಸೆಲ್ ಕಾರುಗಳು ಈ ಗುಂಪಿಗೆ ಸೇರುತ್ತವೆ. ಈ ಇಳಿಕೆ ಈಗಾಗಲೇ ಎಕ್ಸ್-ಶೋರೂಂ ಬೆಲೆಯಲ್ಲಿ ಸೇರಿರಬೇಕು. ಅದನ್ನೇ "ನಾವು ಕೊಡುವ ರಿಯಾಯಿತಿ" ಎಂದು ತೋರಿಸಿದರೆ ಅದು ರಿಯಾಯಿತಿಯಲ್ಲ. ಹತ್ತು ಲಕ್ಷ ಮೀರಿದ ಕಾರಿಗೆ ಸೇರಿಸುವ ಶೇ. 1ರ ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆ ವಿವರಣೆ ಸಲ್ಲಿಸುವಾಗ ನಮ್ಮ ಲೆಕ್ಕಕ್ಕೆ ಹಿಂದಕ್ಕೆ ಪಡೆಯಬಹುದು. ಅದರ ಪ್ರಮಾಣಪತ್ರವನ್ನು ಕೇಳಲು ಮರೆಯಬಾರದು.

ಇನ್ನು "ಹ್ಯಾಂಡ್ಲಿಂಗ್ ಚಾರ್ಜ್" ಎಂಬ ಸಾಲು. ಇದು ಯಾವ ಸರಕಾರದ ಶುಲ್ಕವೂ ಅಲ್ಲ. ಯಾವ ಸೇವೆಗಾಗಿ ಈ ಹಣ, ಇದಕ್ಕೆ ರಶೀದಿ ಕೊಡುವಿರಾ ಎಂದು ಶಾಂತವಾಗಿ ಕೇಳಿದರೆ ಈ ಸಾಲು ಅಳಿಯುವ ಸಾಧ್ಯತೆಯೇ ಹೆಚ್ಚು.

ಗಡಿಯ ಎರಡೂ ಬದಿಯ ಬೆಲೆ

ಗಡಿನಾಡಿನವರಿಗೆ ಒಂದು ಅನುಕೂಲವಿದೆ. ಕಾಸರಗೋಡಿನಲ್ಲಿ ಒಂದು, ಮಂಗಳೂರಿನಲ್ಲಿ ಒಂದು ದರಪಟ್ಟಿಯನ್ನು ಒಂದೇ ದಿನದಲ್ಲಿ ಪಡೆಯಬಹುದು. ಆದರೆ ಹೋಲಿಸುವಾಗ ಎಚ್ಚರ ಬೇಕು. ಮಂಗಳೂರಿನ "ಆನ್-ರೋಡ್" ಬೆಲೆಯಲ್ಲಿ ಕರ್ನಾಟಕದ ತೆರಿಗೆ ಸೇರಿರುತ್ತದೆ. ಮೋಟಾರು ವಾಹನ ಕಾಯಿದೆ 1988ರ 40ನೆಯ ಕಲಮಿನಂತೆ, ನಾವು ವಾಸಿಸುವ ಅಥವಾ ವ್ಯವಹಾರ ನಡೆಸುವ, ವಾಹನವನ್ನು ಸಾಮಾನ್ಯವಾಗಿ ಇರಿಸುವ ಸ್ಥಳದಲ್ಲಿ ನೋಂದಣಿ ಆಗಬೇಕು. ಮಂಗಳೂರಿನಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯಲ್ಲಿ ತಂದು ಊರಿನಲ್ಲಿ ಕೆಎಲ್ ಸಂಖ್ಯೆ ಪಡೆದು, ಕೇರಳದ ತೆರಿಗೆಯನ್ನೇ ಕಟ್ಟಬೇಕು.

ಎಂಟು ಲಕ್ಷದ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2023ರ ಏರಿಕೆಯ ಬಳಿಕ ಕೇರಳದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 13 ತೆರಿಗೆ, ಅಂದರೆ 1,04,000 ರೂಪಾಯಿ. ಕರ್ನಾಟಕದಲ್ಲಿ ಶೇ. 14, ಅದರ ಮೇಲೆ ಶೇ. 11ರ ಸೆಸ್ಸು, ಒಟ್ಟು ಸುಮಾರು 1,24,300. ಈ ಇಪ್ಪತ್ತು ಸಾವಿರದ ಅಂತರಕ್ಕೂ ವ್ಯಾಪಾರಿಗೂ ಸಂಬಂಧವಿಲ್ಲ. ಆದುದರಿಂದ ಎರಡು ಊರುಗಳ ಬೆಲೆಯನ್ನು ಹೋಲಿಸುವಾಗ ಎಕ್ಸ್-ಶೋರೂಂ ಬೆಲೆಯಿಂದ ರಿಯಾಯಿತಿಯನ್ನು ಕಳೆದು ಉಳಿಯುವ ಮೊತ್ತವನ್ನೇ ಪಕ್ಕಪಕ್ಕ ಇಡಬೇಕು.

ವಿಮೆ: ಹೆಚ್ಚು ಉಳಿಸಬಹುದಾದ ಸಾಲು

ಶೋರೂಮಿನಲ್ಲಿಯೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಮೊತ್ತವನ್ನು ಕೇಂದ್ರ ಸರಕಾರವೇ ಗೊತ್ತುಪಡಿಸುವುದರಿಂದ ಎಲ್ಲ ಕಂಪೆನಿಗಳಲ್ಲೂ ಅದು ಒಂದೇ. 2022ರ ದರದಂತೆ 1000 ಸಿಸಿಯೊಳಗಿನ ಕಾರಿಗೆ 6,521, 1000ದಿಂದ 1500 ಸಿಸಿಯವರೆಗೆ 10,640 ರೂಪಾಯಿ; ಜಿಎಸ್‌ಟಿ ಬೇರೆ. ವ್ಯತ್ಯಾಸವಿರುವುದು ನಮ್ಮ ಕಾರಿಗೆ ಆಗುವ ಹಾನಿಯನ್ನು ಭರಿಸುವ ಭಾಗದಲ್ಲಿ. ಎರಡು ಮೂರು ಕಂಪೆನಿಗಳ ದರವನ್ನು ಮೊದಲೇ ತಿಳಿದುಕೊಂಡು ಹೋದರೆ ಶೋರೂಮಿನವರೂ ಆ ದರಕ್ಕೆ ಇಳಿಯಬಹುದು. ಹೋಲಿಸುವಾಗ ಐಡಿವಿ, ಅಂದರೆ ವಿಮೆಯಲ್ಲಿ ಕಾರಿಗೆ ನಮೂದಿಸಿದ ಮೌಲ್ಯ, ಎರಡರಲ್ಲೂ ಒಂದೇ ಆಗಿದೆಯೇ ಎಂದು ನೋಡಬೇಕು. ಮೌಲ್ಯವನ್ನು ಇಳಿಸಿ ಕಂತನ್ನು ಕಡಿಮೆ ತೋರಿಸುವುದು ಉಳಿತಾಯವಲ್ಲ. "ಹೊರಗೆ ವಿಮೆ ಮಾಡಿಸಿದರೆ ರಿಯಾಯಿತಿ ಇಲ್ಲ" ಎಂದರೆ ಎರಡೂ ಬಗೆಯ ಒಟ್ಟು ಮೊತ್ತವನ್ನು ಬರೆಸಿಕೊಂಡು ಕಡಿಮೆಯಾದುದನ್ನು ಆರಿಸಿಕೊಳ್ಳಬಹುದು.

ಸಾಲದ ಕಾಗದ ನಮಗೆ ತಿಳಿಯುವ ಭಾಷೆಯಲ್ಲಿ

ಬೆಲೆಯಲ್ಲಿ ಹತ್ತು ಸಾವಿರ ಇಳಿಸಿದ ಸಂತೋಷದಲ್ಲಿ ಸಾಲದಲ್ಲಿ ಅರುವತ್ತು ಸಾವಿರ ಕಳೆದುಕೊಳ್ಳುವುದುಂಟು. ಆರು ಲಕ್ಷದ ಸಾಲ, ವರ್ಷಕ್ಕೆ ಶೇ. 9 ಬಡ್ಡಿ ಎಂದಿಟ್ಟುಕೊಳ್ಳೋಣ. ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 12,455. ಒಟ್ಟು ಬಡ್ಡಿ ಸುಮಾರು 1,47,300. ಏಳು ವರ್ಷಕ್ಕೆ ಕಂತು 9,653ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 2,10,900ಕ್ಕೆ ಏರುತ್ತದೆ. ಆದುದರಿಂದ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂಬ ಪ್ರಶ್ನೆಗೆ ಮೊದಲೇ ಉತ್ತರಿಸಬಾರದು. ಕಾರಿನ ಬೆಲೆ ತೀರ್ಮಾನವಾದ ಮೇಲಷ್ಟೇ ಸಾಲದ ಮಾತು.

ಭಾಷಾ ಅಲ್ಪಸಂಖ್ಯಾತರಾದ ನಾವು ಮುಖ್ಯವಾಗಿ ಗಮನಿಸಬೇಕಾದುದು ಇಲ್ಲಿದೆ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ ತಿಂಗಳ ಆದೇಶದಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಇಂತಹ ಸಾಲಗಳಿಗೆ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಮಾಹಿತಿ ಪತ್ರವನ್ನು ಕೊಡಲೇಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರ ವಿಷಯವನ್ನು ವಿವರಿಸಿ ಹೇಳಿ, ತಿಳಿಯಿತೆಂಬ ಒಪ್ಪಿಗೆ ಪಡೆಯಬೇಕು. ಬಡ್ಡಿಯೂ ಇತರ ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ನಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಪತ್ರ ಕೈಸೇರಿದ ಬಳಿಕ ಆಲೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. ಆದುದರಿಂದ "ಈ ಪತ್ರವನ್ನು ಕನ್ನಡದಲ್ಲಿ ಕೊಡಿ" ಎಂದು ಕೇಳುವುದು ಉದ್ಧಟತನವಲ್ಲ. ಕೇಳುವವರಿಲ್ಲದಿದ್ದರೆ ಕಾಗದದಲ್ಲಿರುವ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಕಾಲ ಮತ್ತು ಕಾಯುವಿಕೆ

ಆಯುಧಪೂಜೆಗೆ ಕಾರು ಮನೆಗೆ ಬರಲೇಬೇಕೆಂದು ಹೊರಟವನಿಗೆ ಚೌಕಾಸಿಯ ಬಲ ಕಡಿಮೆ. ನಮ್ಮಲ್ಲಿ ಆಟಿ ತಿಂಗಳಿನಲ್ಲಿ, ಮಲಯಾಳಿಗರ ಕರ್ಕಾಟಕ ಮಾಸದಲ್ಲಿ, ಹೊಸ ವಸ್ತು ಕೊಳ್ಳುವವರು ವಿರಳ. ಆಗ ಮಾತಿಗೆ ಬೆಲೆ ಹೆಚ್ಚು. ತಿಂಗಳ ಕೊನೆಯಲ್ಲಿ ಮಾರಾಟದ ಗುರಿ ತಲಪಬೇಕಾದ ಒತ್ತಡವೂ ನಮ್ಮ ಪರವಾಗಿರುತ್ತದೆ. ಡಿಸೆಂಬರಿನ ರಿಯಾಯಿತಿ ಆಕರ್ಷಕವಾದರೂ, ಜನವರಿ ಬಂದೊಡನೆ ಆ ಕಾರು ಹಿಂದಿನ ವರ್ಷದ್ದೆನಿಸಿ ಮರುಮಾರಾಟದ ಬೆಲೆ ಇಳಿಯುತ್ತದೆ. ಐದಾರು ವರ್ಷಗಳಲ್ಲಿ ಕಾರು ಬದಲಾಯಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ ಇದು ಅಷ್ಟು ಮುಖ್ಯವಲ್ಲ.

ಪೂರ್ಣ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು, ನಮಗೆ ಕೊಡುವ ಕಾರನ್ನೇ ಹಗಲು ಬೆಳಕಿನಲ್ಲಿ ನೋಡಬೇಕು. ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು ಪರಿಶೀಲಿಸಬೇಕು. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ, ಚಾಸಿಸ್ ಸಂಖ್ಯೆ ಇರುತ್ತವೆ. ಅವು ಕಾರಿನೊಂದಿಗೆ ತಾಳೆಯಾಗಬೇಕು. ಖಾಲಿ ನಮೂನೆಗಳಿಗೆ ಎಂದೂ ಸಹಿ ಹಾಕಬಾರದು.

ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ಆಗ ನೆರವಿಗೆ ಬರುವುದು ಬಾಯಿಮಾತಲ್ಲ, ಮೊದಲ ದಿನ ಕೇಳಿ ಪಡೆದ ದರಪಟ್ಟಿ ಮತ್ತು ರಶೀದಿಗಳು.

ಕೊನೆಯದಾಗಿ ಹೆತ್ತವರಲ್ಲಿ ಒಂದು ವಿನಂತಿ. ದರಪಟ್ಟಿಯನ್ನು ಮನೆಗೆ ತಂದ ಸಂಜೆ ಅದನ್ನು ಹೈಸ್ಕೂಲಿಗೆ ಹೋಗುವ ಮಕ್ಕಳ ಮುಂದೆ ಇಡಿರಿ. ತೆರಿಗೆಯ ಶೇಕಡಾ ಲೆಕ್ಕ, ಸಾಲದ ಬಡ್ಡಿ, ಮೊತ್ತದ ತಾಳೆ ಇವೆಲ್ಲವನ್ನೂ ಅವರು ಕನ್ನಡದಲ್ಲಿಯೇ ಕಲಿತಿದ್ದಾರೆ. ತಪ್ಪಿದ ಸಾಲನ್ನು ಅವರೇ ಹುಡುಕಿ ತೋರಿಸಲಿ. ಕನ್ನಡದಲ್ಲಿ ಕಲಿತ ಗಣಿತ ಯಾವ ಭಾಷೆಯ ಕಾಗದವನ್ನೂ ಪರೀಕ್ಷಿಸಬಲ್ಲದೆಂಬುದು ಅವರಿಗೂ ಮನದಟ್ಟಾಗಲಿ.